ಎರಡು ನಾದಗಳ ತೂಕ

ಕಛೇರಿಯಲ್ಲಿ ಮೃದಂಗದ ಪೆಟ್ಟು ವೀಣೆಯ ನಾದವನ್ನು ನುಂಗಿಬಿಟ್ಟರೆ, ನುಡಿಸಿದವರು ಒಂದು ಸ್ವರವನ್ನೂ ತಪ್ಪದಿದ್ದರೂ ರಸಭಂಗವಾಗುವುದಷ್ಟೆ. ಹಳೆಯ ವಿಡಿಯೋ ಆಟದ ಯಂತ್ರಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ‘ಎಮ್ಯುಲೇಟರ್’ ಎಂಬ ಕ್ರಮವಿಧಿಗಳಿಗೂ ಇದೇ ತೊಡಕು ಒದಗುತ್ತದೆ. ಲೆಕ್ಕವೆಲ್ಲ ಸರಿಯಾಗಿದ್ದೂ ಸಂಗೀತ ಕೆಡಬಹುದು. ಅದು ಹೇಗೆಂಬುದನ್ನು ಒಂದು ಯಂತ್ರದ ಉದಾಹರಣೆಯಿಂದ ನೋಡೋಣ.

ಜಪಾನಿನ ಸೇಗಾ ಸಂಸ್ಥೆಯು 1988ರಲ್ಲಿ ಹೊರತಂದ ‘ಮೆಗಾ ಡ್ರೈವ್’ ಯಂತ್ರದಲ್ಲಿ (ಅಮೆರಿಕದಲ್ಲಿ ಇದಕ್ಕೆ ‘ಜೆನೆಸಿಸ್’ ಎಂದು ಹೆಸರು) ಧ್ವನಿಯನ್ನು ಹುಟ್ಟಿಸುವ ಅಂಗಗಳು ಎರಡು. ಮೊದಲನೆಯದು ಯಮಾಹಾ ಸಂಸ್ಥೆಯ ವೈಎಂ 2612 ಚಿಪ್ಪು. ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಮಾರ್ಪಡಿಸಿ, ಆರು ವಾಹಿನಿಗಳಲ್ಲಿ ತುಂಬುನಾದವನ್ನು ಕೊಡುವುದು ಇದರ ಕೆಲಸ. ಎರಡನೆಯದು ಇನ್ನೂ ಹಳೆಯ, ಸರಳವಾದ ರಚನೆ. ಅದರಲ್ಲಿ ಚೌಕ ಅಲೆಯ ಮೂರು ವಾಹಿನಿಗಳೂ, ಮಳೆಯ ಭೋರ್ಗರೆತವನ್ನು ಹೋಲುವ ಸದ್ದಿನ ಒಂದು ವಾಹಿನಿಯೂ ಉಂಟು.

ಈ ಎರಡನೆಯ ಅಂಗದ ಬಲಕ್ಕೆ 16 ಮೆಟ್ಟಿಲುಗಳು. ಕೊನೆಯದು ಪೂರ್ಣ ಮೌನ. ಉಳಿದವುಗಳಲ್ಲಿ ಒಂದೊಂದು ಮೆಟ್ಟಿಲಿಗೆ 2 ಡೆಸಿಬೆಲ್ ಇಳಿತ. ಎಂದರೆ ಅಲೆಯ ಎತ್ತರವು ಪ್ರತಿ ಸಲವೂ ಹಿಂದಿನದರ ಶೇಕಡ 79ರಷ್ಟಾಗುತ್ತದೆ. ಮೂರು ಮೆಟ್ಟಿಲು ಇಳಿದರೆ ಹೆಚ್ಚುಕಡಮೆ ಅರ್ಧ. ಇಷ್ಟನ್ನೂ ಎಮ್ಯುಲೇಟರ್ ಚಾಚೂ ತಪ್ಪದೆ ಲೆಕ್ಕಹಾಕಬಲ್ಲುದು. ಆದರೆ ಈ ಅಂಗದ ಪೂರ್ಣಬಲವು ಯಮಾಹಾ ಚಿಪ್ಪಿನ ಪೂರ್ಣಬಲದ ಎಷ್ಟನೆಯ ಪಾಲು? ಅಂಗಗಳೊಳಗಿನ ಅಂಕಿಗಳಲ್ಲಿ ಎಷ್ಟು ಹುಡುಕಿದರೂ ಉತ್ತರ ದೊರೆಯದು. ಎರಡರಿಂದಲೂ ಹೊರಟ ಸಂಕೇತಗಳು ಒಂದುಗೂಡುವ ವಿದ್ಯುನ್ಮಂಡಲದಲ್ಲಿ, ಅಲ್ಲಿಯ ರೋಧಕಗಳ ಬೆಲೆಯಲ್ಲಿ ಅದು ಅಡಗಿದೆ.

ಸೇಗಾ ಸಂಸ್ಥೆಯೋ ಈ ಮಂಡಲವನ್ನು ಮತ್ತೆ ಮತ್ತೆ ಬದಲಾಯಿಸಿತು. ಮೊದಲ ಮಾದರಿಗೂ ಎರಡನೆಯ ಮಾದರಿಗೂ ಇರುವ ಅಂತರವನ್ನು ಬರಿಯ ಕಿವಿಯೇ ಗುರುತಿಸಬಲ್ಲುದು. ಹಾಗಾದರೆ ನಾವು ಯಾವ ಧ್ವನಿಯನ್ನು ನಿಜವೆನ್ನಬೇಕು? ಹಳೆಯ ಯಂತ್ರವೊಂದನ್ನು ಬಿಚ್ಚಿ ಅಳೆಯೋಣವೆಂದರೆ, ಅದರ ವಿದ್ಯುತ್ ಧಾರಕಗಳು ಇಷ್ಟು ವರ್ಷಗಳಲ್ಲಿ ಒಣಗಿರಬಹುದು. ಆಗ ನಾವು ಅಳೆದುದು ಯಂತ್ರದ ಯೌವನವನ್ನಲ್ಲ, ಮುಪ್ಪನ್ನು! ಸಂಗೀತಗಾರನು ರಾಗದ ಒಂದೆಳೆಯನ್ನು ಚೌಕ ಅಲೆಗೆ ವಹಿಸಿದ್ದನೆನ್ನಿ. ಪಾಲು ತಗ್ಗಿದರೆ ಆ ಎಳೆಯೇ ಕೇಳದೆ ಹೋಗುತ್ತದೆ. ಹೆಚ್ಚಿದರೆ ಅದರ ಕೀಚಲು ದನಿ ಉಳಿದುದನ್ನೆಲ್ಲ ಮುಚ್ಚುತ್ತದೆ.

‘ಜೆನೆಸಿಸ್ ಪ್ಲಸ್ ಜಿಎಕ್ಸ್’ ಎಂಬ ಎಮ್ಯುಲೇಟರ್ ಎರಡು ಅಂಗಗಳ ಬಲವನ್ನೂ ಬೇರೆ ಬೇರೆಯಾಗಿ ಹೊಂದಿಸಲು ಅವಕಾಶ ಕೊಟ್ಟಿದೆ. ನಮಗೆ ಇದು ಪ್ರಾಮಾಣಿಕವಾದ ದಾರಿಯೆಂದು ತೋರುತ್ತದೆ. ಆದರೆ ಏರಿಸುವುದಕ್ಕೂ ಮಿತಿಯುಂಟು. 16 ಬಿಟ್‌ಗಳ ಧ್ವನಿಯಲ್ಲಿ ಅಲೆಯ ಎತ್ತರವು −32768ರಿಂದ 32767ರವರೆಗೆ ಮಾತ್ರ ಇರಬಲ್ಲುದು. ಎರಡು ನಾದಗಳ ಮೊತ್ತ ಇದನ್ನು ಮೀರಿದೊಡನೆ ಅಲೆಯ ನೆತ್ತಿ ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಆದುದರಿಂದ ದುರ್ಬಲವಾದುದನ್ನು ಏರಿಸುವ ಬದಲು ಪ್ರಬಲವಾದುದನ್ನು ಇಳಿಸಿ, ಸಾಲದಿದ್ದರೆ ಸ್ಪೀಕರಿನ ತಿರುಪನ್ನು ತುಸು ತಿರುಗಿಸಿಕೊಳ್ಳುವುದು ಮೇಲು.