ಜರ್ಮನಿಯ ಓದು ನಿಜಕ್ಕೂ ಉಚಿತವೇ?

ಜರ್ಮನಿಯಲ್ಲಿ ಓದು ಉಚಿತವೆಂಬ ಮಾತು ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ.

ಇನ್ನು ವೀಸಾ. ವಿದ್ಯಾರ್ಥಿವೇತನವಿಲ್ಲದವರು ಸಾಮಾನ್ಯವಾಗಿ ಒಂದು ವರ್ಷದ ಜೀವನವೆಚ್ಚವನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ 11,904 ಯೂರೋಗೆ ಏರಿತು. ಗಾಬರಿ ಬೇಡ, ಇದು ಶುಲ್ಕವಲ್ಲ, ನಿಮ್ಮದೇ ಹಣ. ಅಲ್ಲಿ ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈ ಸೇರುತ್ತದೆ.

ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎ.ಪಿ.ಎಸ್. ಪ್ರಮಾಣಪತ್ರವೂ 2022ರ ನವೆಂಬರಿನಿಂದ ಬಹುತೇಕರಿಗೆ ಕಡ್ಡಾಯ. ಬೇಗನೆ ಅರ್ಜಿ ಹಾಕಿ.

ಸಾಲ ಮಾಡಿದರೆ ಓದುವಾಗಲೂ ಬಡ್ಡಿ ಬೆಳೆಯುತ್ತದೆ. ಅಪ್ಪ ಮನೆಪತ್ರ ಅಡವಿಡುವ ಮುನ್ನ ಅವರೊಡನೆ ಕುಳಿತು ಲೆಕ್ಕ ಹಾಕುತ್ತೀರಲ್ಲವೇ?