ಎಳೆಯ ಮಲ್ಲರ ಪರೀಕ್ಷೆ

ಹನ್ನೆರಡು ವರ್ಷದ ಬಾಲಕನೊಬ್ಬನನ್ನು ಮುಂದೆ ನಿಲ್ಲಿಸಿಕೊಂಡು, ಇವನು ಇನ್ನೊಂದು ದಶಕದಲ್ಲಿ ಹೆಸರಾಂತ ಪೈಲ್ವಾನರಿಗೆ ಜೋಡಿಯಾಗಿ ಜಾತ್ರೆಯ ಕಣದಲ್ಲಿ ನಿಲ್ಲುವನೇ, ಕುಸ್ತಿಯನ್ನೇ ನೆಮ್ಮಿ ಬಾಳುವಷ್ಟು ಬೆಳೆಯುವನೇ, ಅಥವಾ ಮೀಸೆ ಮೂಡುವ ಹೊತ್ತಿಗೆ ಗರಡಿಯ ದಾರಿಯನ್ನೇ ಮರೆಯುವನೇ ಎಂದು ನಿರ್ಣಯಿಸುವುದು ಸುಲಭಸಾಧ್ಯವಾದ ವಿದ್ಯೆಯಲ್ಲ. ಗ್ರಂಥಮುಖದಿಂದಲ್ಲದೆ ಗುರುಮುಖದಿಂದ ಇಳಿದುಬಂದ ಈ ವಿದ್ಯೆಯನ್ನು ಬಲ್ಲವರು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಇಂದಿಗೂ ಉಂಟು. ಜನ ಅವರನ್ನು ವಸ್ತಾದರೆಂದು ಕರೆಯುತ್ತಾರೆ.

ಘಟಪ್ರಭೆ ಹಿಡಕಲ್ ಅಣೆಕಟ್ಟನ್ನು ದಾಟಿ, ಗೋಕಾಕದ ಬಳಿ 52 ಮೀಟರಿನಷ್ಟು ಕೆಳಕ್ಕೆ ಧುಮುಕಿ ಮೂಡಣಕ್ಕೆ ಸಾಗುವ ಈ ಪ್ರದೇಶ ಕಬ್ಬು, ಜೋಳ, ಹೈನುಗಳ ನಾಡು. ಮೂಡಲಗಿಯಾದರೋ ಈಚಿನವರೆಗೂ ಗೋಕಾಕ ತಾಲ್ಲೂಕಿನೊಳಗೇ ಇದ್ದುದು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಹಾದ ಹೆದ್ದಾರಿ ನಿಪ್ಪಾಣಿಯ ಮೇಲೆ ಕೊಲ್ಹಾಪುರದ ಕಡೆಗೆ ಸಾಗುತ್ತದೆ. ಯುರೋಪಿನ ಪ್ರವಾಸದಲ್ಲಿ ರೋಮಿನ ಪ್ರಾಚೀನ ರಂಗಸ್ಥಲವನ್ನು ಕಂಡು ಬಂದ ಛತ್ರಪತಿ ಶಾಹೂ ಮಹಾರಾಜರು ಕುಸ್ತಿಗೆಂದೇ ಕಟ್ಟಿಸಿದ, 1912ರಲ್ಲಿ ಪೂರ್ಣಗೊಂಡ ಖಾಸಬಾಗ ಮೈದಾನ ಆ ನಗರದಲ್ಲಿದೆ. ಆ ಮಲ್ಲವಿದ್ಯೆಯ ಗಾಳಿ ಗಡಿಯನ್ನು ಲೆಕ್ಕಿಸದೆ ಈಚೆಗೂ ಬೀಸಿತು. ತಾಲೀಮು, ಡಾವು, ಖುರಾಕು ಮುಂತಾದ ಮಾತುಗಳು ಈ ಭಾಗದ ಕನ್ನಡದಲ್ಲಿ ಮನೆಮಾತಾಗಿ ನಿಂತುವು. ಊರ ಜಾತ್ರೆಗಳ ಇನಾಮು, ಉಳ್ಳವರು ಪೈಲ್ವಾನನಿಗೆ ಕಟ್ಟಿಕೊಡುವ ಹಾಲು ಬಾದಾಮಿಗಳ ಖುರಾಕು, ಕಾಲಾಂತರದಲ್ಲಿ ಕ್ರೀಡಾ ಮೀಸಲಿನಿಂದ ಪೊಲೀಸು, ರೈಲ್ವೆ, ಸೈನ್ಯಗಳಲ್ಲಿ ದೊರೆಯುವ ನೌಕರಿ, ಇವುಗಳಿಂದ ಕುಸ್ತಿಯು ಕೆಲವರಿಗಾದರೂ ವೃತ್ತಿಯೇ ಆಯಿತು. ವೃತ್ತಿಯಾದ ಮೇಲೆ, ಯಾವ ಹುಡುಗನ ಮೇಲೆ ಮನೆಯ ಹಾಲನ್ನೂ ಹಣವನ್ನೂ ತೊಡಗಿಸಬೇಕೆಂಬ ಪ್ರಶ್ನೆ ತಾನಾಗಿಯೇ ಎದ್ದಿತು.

ದನದ ಸಂತೆಯಲ್ಲಿ ಹೋರಿಯ ಹಲ್ಲೆಣಿಸಿ, ನಾಲ್ಕು ಹೆಜ್ಜೆ ನಡೆಯಿಸಿ ನೋಡುವ ರೈತನಂತೆ, ವಸ್ತಾದರ ಕಣ್ಣೂ ಮೊದಲು ಹರಿಯುವುದು ದೇಹದ ಮೇಲೆಯೇ. ಆದರೆ ಮೈಯ ತೋರ ಅವರನ್ನು ಮರುಳುಗೊಳಿಸದು. ಮಾಂಸವನ್ನು ಗರಡಿಯ ಮಣ್ಣು ಕೊಡಬಲ್ಲುದು, ಎಲುಬನ್ನು ಕೊಡಲಾರದು ಎಂಬುದು ಅವರ ಎಣಿಕೆಯಾದುದರಿಂದ, ಮಣಿಕಟ್ಟಿನ ಅಗಲ, ಕತ್ತಿನ ಬುಡ, ಹೆಗಲಿನ ಹರವು, ಸೊಂಟದ ಬಾಗು, ಪಾದ ನೆಲವನ್ನು ಊರುವ ಬಗೆ, ಇಷ್ಟನ್ನು ನೋಡಿ, ಬಳಿಕ ತಂದೆಯ ಎತ್ತರವನ್ನೂ ಸೋದರಮಾವನ ಮೈಕಟ್ಟನ್ನೂ ವಿಚಾರಿಸುವರು. ಹುಡುಗನನ್ನು ಕರೆತಂದ ತಂದೆ, ಮಗ ಪೈಲ್ವಾನನಾಗುವನೇ ಎಂದು ಆತುರದಿಂದ ಕೇಳಿದರೆ, ದೊರೆಯುವ ಉತ್ತರ ಸಾಮಾನ್ಯವಾಗಿ "ನೋಡೂಣು ಬಿಡ್ರಿ" ಎಂಬುದೇ. ಇದು ನುಣುಚಿಕೊಳ್ಳುವ ಮಾತೆಂದು ಮೇಲ್ನೋಟಕ್ಕೆ ತೋರಿದರೂ, ವಾಸ್ತವವಾಗಿ ಇಡೀ ಪದ್ಧತಿಯ ಸಾರವೇ ಅದರಲ್ಲಿದೆ.

ಏಕೆಂದರೆ ನಿಜವಾದ ಪರೀಕ್ಷೆ ಮೊದಲಾಗುವುದು ಅನಂತರ. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಹುಳಿಗಳನ್ನು ಕೂಡಿಸಿ ಹದಗೊಳಿಸಿದ ಕೆಂಪು ಮಣ್ಣನ್ನು ಸಲಿಕೆಯಿಂದ ಅಗೆದು ಮೇಲೆಕೆಳಗೆ ಮಾಡುವ ಕೆಲಸ ಎಳೆಯರ ಪಾಲಿಗೆ ಬರುತ್ತದೆ. ಆ ಬಳಿಕ ದಂಡ, ಬೈಠಕ್, ಅನಂತರ ತನಗಿಂತ ಬಲಿಷ್ಠನೊಡನೆ ಹಿಡಿತ. ಗುರುವಿನ ಬೆನ್ನು ತಿರುಗಿದಾಗ ಬೈಠಕ್ಕಿನ ಎಣಿಕೆಯಲ್ಲಿ ಕಳ್ಳತನ ಮಾಡುವನೇ, ಏದುಸಿರು ಎಷ್ಟು ಬೇಗ ಹದಕ್ಕೆ ಬರುವುದು, ಹಿಡಿದ ಕೈ ದಣಿವಿನಲ್ಲಿ ಸಡಿಲುವುದೋ ಬಿಗಿಯುವುದೋ, ಜೋಡಿಯನ್ನು ತಾನೇ ಆರಿಸೆಂದರೆ ಗೆಲ್ಲಬಹುದಾದವನನ್ನು ಕರೆಯುವನೋ ಕಲಿಸಬಲ್ಲವನನ್ನು ಕರೆಯುವನೋ, ಚಿತ್ತಾಗಿ ಬಿದ್ದ ಮರುದಿನ ನಸುಕಿನಲ್ಲಿ ಎಲ್ಲರಿಗಿಂತ ಮುಂಚೆ ಬರುವನೋ, ಹೊಟ್ಟೆನೋವಿನ ನೆವ ಹೇಳಿ ಮನೆಯಲ್ಲುಳಿಯುವನೋ ಎಂಬಿವೆಲ್ಲವೂ ಆ ಮೌನವಾದ ಪರೀಕ್ಷೆಯ ಪ್ರಶ್ನೆಗಳು. ಇವುಗಳಲ್ಲಿ ಒಂದಕ್ಕೂ ಒಂದೇ ದಿನದಲ್ಲಿ ಉತ್ತರ ದೊರೆಯುವಂತಿಲ್ಲ.

ಈ ಆಂತರಿಕ ಪರೀಕ್ಷೆಗೆ ಜಾತ್ರೆಯ ಕಣ ಬಹಿರಂಗದ ಪರೀಕ್ಷೆಯಾಗಿ ಒದಗುತ್ತದೆ. ಹಲಗೆಯ ಬಡಿತದ ನಡುವೆ ಮೊದಲು ಇಳಿಯುವವರು ಚಿಕ್ಕ ಹುಡುಗರು. ಅವರಿಗೆ ಸಲ್ಲುವುದು ತೆಂಗಿನಕಾಯಿಯಂತಹ ಅಲ್ಪ ಬಹುಮಾನ. ಹೊತ್ತು ಇಳಿದಂತೆ ಜೋಡಿಗಳೂ ಇನಾಮೂ ದೊಡ್ಡವಾಗುತ್ತ, ಕಡೆಯ ಕುಸ್ತಿಗೆ ಜನವೆಲ್ಲ ಎದ್ದು ನಿಲ್ಲುವುದು. ತಕ್ಕಡಿಯ ಹಂಗಿಲ್ಲದೆ, ಇಬ್ಬರು ಹುಡುಗರ ಕೈಹಿಡಿದು ಅಕ್ಕಪಕ್ಕ ನಿಲ್ಲಿಸಿ ಜೋಡಿ ಹಚ್ಚುವ ಹಿರಿಯರ ಕಣ್ಣಳತೆ ತಪ್ಪಿದರೆ ಪ್ರೇಕ್ಷಕರೇ ಕೂಗಿ ತಿದ್ದುವರು. ಹೀಗೆ ಒಂದು ಜಾತ್ರೆಯಿಂದ ಮತ್ತೊಂದಕ್ಕೆ, ಒಂದು ಮೆಟ್ಟಿಲಿನಿಂದ ಮೇಲಿನದಕ್ಕೆ ಏರುತ್ತ ಹೋಗುವ ಹುಡುಗನ ಯೋಗ್ಯತೆಯನ್ನು ಒಬ್ಬನೇ ನ್ಯಾಯಾಧೀಶನಲ್ಲ, ಒಂದು ಸೀಮೆಯೇ ತೂಗುತ್ತದೆ.

ಇಷ್ಟಾದರೂ ಕಣ್ಣು ಮೋಸಹೋಗುವುದುಂಟು. ಕರಾಡದ ಸಮೀಪದ ಗೋಳೇಶ್ವರದಲ್ಲಿ 1926ರಲ್ಲಿ ಜನಿಸಿದ ಖಾಶಾಬಾ ಜಾಧವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದುತ್ತಿದ್ದಾಗ, ಐದೂವರೆ ಅಡಿಯನ್ನೂ ಮುಟ್ಟದ ಅವರ ಆಕೃತಿಯನ್ನು ನೋಡಿ ಕ್ರೀಡಾಶಿಕ್ಷಕರು ವಾರ್ಷಿಕ ಕುಸ್ತಿಗೆ ಸೇರಿಸಿಕೊಳ್ಳಲೊಪ್ಪಲಿಲ್ಲವೆಂದೂ, ಪ್ರಾಚಾರ್ಯರ ಅನುಮತಿಯಿಂದ ಕಣಕ್ಕಿಳಿದು ತಮಗಿಂತ ದೊಡ್ಡವರನ್ನು ಕೆಡವಿದರೆಂದೂ ಪ್ರಸಿದ್ಧವಾಗಿದೆ. ಅವರೇ 1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಆರನೆಯವರಾಗಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಪಡೆದು, ಸ್ವತಂತ್ರ ಭಾರತದ ಪ್ರಥಮ ವೈಯಕ್ತಿಕ ಪದಕವಿಜೇತರಾದರು. ಹೆಲ್ಸಿಂಕಿಯ ಪ್ರಯಾಣಕ್ಕೆ ಹಣ ಸಾಲದಾದಾಗ ಆ ಪ್ರಾಚಾರ್ಯರೇ ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. ಒಂದೇ ಸಂಸ್ಥೆಯೊಳಗೆ ಒಬ್ಬರ ಕಣ್ಣು ಎತ್ತರವನ್ನು ಅಳೆಯಿತು. ಇನ್ನೊಬ್ಬರ ಕಣ್ಣು ಮನುಷ್ಯನನ್ನು ಕಂಡಿತು.

ದೂರದೇಶಗಳ ಶ್ರೀಮಂತ ಕ್ರೀಡೆಗಳಲ್ಲಿಯೂ ಈ ಕಷ್ಟ ತಪ್ಪಿಲ್ಲ. ಉತ್ತರ ಅಮೆರಿಕದ ಐಸ್ ಹಾಕಿಯ ವೃತ್ತಿಪರ ತಂಡಗಳು ಹದಿನೆಂಟರ ಆಸುಪಾಸಿನ ತರುಣರನ್ನು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುತ್ತವೆ. ಅವರ ಚಲನೆ, ಹೊಡೆತ, ಎತ್ತರ, ಸ್ವಭಾವಗಳನ್ನು ವರದಿ ಮಾಡಲು ಊರೂರು ತಿರುಗುವ ಶೋಧಕರುಂಟು. 1975ರಿಂದ ಅದಕ್ಕೆಂದೇ ಲೀಗಿನ ಕೇಂದ್ರ ಕಚೇರಿಯೂ ಇದೆ. ಆದರೂ 1993ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಅಲೆಕ್ಸಾಂಡರ್ ಡೇಗ್ಲ್ ನಿರೀಕ್ಷೆಯ ಎತ್ತರಕ್ಕೆ ಏರಲಿಲ್ಲ. 1999ರಲ್ಲಿ 210ನೆಯವನಾಗಿ ಡೆಟ್ರಾಯಿಟ್ ತಂಡದ ಪಾಲಿಗೆ ಬಂದ ಸ್ವೀಡನ್ನಿನ ಹೆನ್ರಿಕ್ ಜೆಟರ್‌ಬರ್ಗ್, 2008ರಲ್ಲಿ ಆ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ ಅಂತಿಮ ಸರಣಿಗಳ ಶ್ರೇಷ್ಠ ಆಟಗಾರನೆನಿಸಿದ. ಅವನನ್ನು ಕಂಡುಹಿಡಿದ ಶೋಧಕ ಅಂದು ಮೈದಾನಕ್ಕೆ ಹೋಗಿದ್ದುದು ಬೇರೊಬ್ಬ ಹುಡುಗನನ್ನು ನೋಡುವುದಕ್ಕಾಗಿ! ಇದಕ್ಕಿಂತಲೂ ವಿಚಾರಾರ್ಹವಾದುದು ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್ಸ್ಲಿಯವರು 1980ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿ: ಅಲ್ಲಿಯ ಉತ್ತಮ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ವಯೋಮಿತಿಯ ಗೆರೆಯನ್ನು ಜನವರಿ 1ಕ್ಕೆ ಎಳೆದುದರಿಂದ, ಬಾಲ್ಯದಲ್ಲಿ ಹತ್ತು ತಿಂಗಳಿನ ಹಿರಿತನವೇ ಪ್ರತಿಭೆಯೆಂದು ತೋರಿ, ಅವರಿಗೇ ಹೆಚ್ಚಿನ ಶಿಕ್ಷಣವೂ ದೊರೆತು, ತೋರಿಕೆಯು ಕಡೆಗೆ ನಿಜವೇ ಆಗಿಬಿಡುವುದು.

ನಮ್ಮಲ್ಲಿ ಈ ತೊಡಕು ಇನ್ನೂ ಜಟಿಲ. ಹಳ್ಳಿಯ ಶಾಲೆಗಳ ದಾಖಲೆಯಲ್ಲಿ ಎಷ್ಟೋ ಮಕ್ಕಳು ಜೂನ್ 1ರಂದೇ ಹುಟ್ಟಿರುತ್ತಾರೆ; ಅವರ ನಿಜವಾದ ವಯಸ್ಸು ಅದರಿಂದ ತಿಳಿಯದು. ಕ್ರೀಡಾ ಇಲಾಖೆಯ ವಸತಿನಿಲಯಗಳಿಗೆ ಆಯ್ಕೆ ನಡೆಯುವಾಗ ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಜಿಗಿತ, ಷಟಲ್ ಓಟ, 800 ಮೀಟರ್ ಓಟ ಮುಂತಾದುವನ್ನು ಅಳೆಯುವ ರೂಢಿಯಿದೆ. ಈ ಅಳತೆಗಳನ್ನು ಅಲ್ಲಗಳೆಯುವಂತಿಲ್ಲ. ಪರಿಚಯ, ಜಾತಿ, ಶಿಫಾರಸುಗಳನ್ನು ಗಡಿಯಾರ ಅರಿಯದು, ಗರಡಿಗಳು ಬಹುಕಾಲ ಕಡೆಗಣಿಸಿದ ಹುಡುಗಿಯರಿಗೂ ಅದು ಅದೇ ಸೆಕೆಂಡುಗಳನ್ನೇ ತೋರುವುದು. ಆದರೆ ಒಂದು ಬೆಳಗಿನ ಅಳತೆ ಆ ಬೆಳಗಿನ ಮೈಯನ್ನು ಮಾತ್ರ ಹೇಳಬಲ್ಲುದು. ಬೇಗ ಬೆಳೆದ ಹುಡುಗ ಗೆದ್ದು, ನಿಧಾನವಾಗಿ ಬೆಳೆಯತಕ್ಕವನು ಮನೆಗೆ ಮರಳಿದರೆ, ಆ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಇತ್ತ ವಸ್ತಾದರ ಕಣ್ಣೂ ಹೊಸದನ್ನು ಕಲಿಯಬೇಕಾಗಿದೆ. ಜಾತ್ರೆಯ ಮಣ್ಣಿನಲ್ಲಿ ಗೆಲುವೆಂದರೆ ಎದುರಾಳಿಯನ್ನು ಚಿತ್ತುಮಾಡುವುದು. ತಾಳ್ಮೆಯೇ ಅಲ್ಲಿ ಅರ್ಧ ಬಲ. ಮ್ಯಾಟಿನ ಮೇಲಾದರೆ ಮೂರು ಮೂರು ನಿಮಿಷದ ಎರಡು ಸುತ್ತು, ತೂಕದ ವರ್ಗ, ಪ್ರತಿಯೊಂದು ಡಾವಿಗೂ ಅಂಕ. ಅಲ್ಲಿ ಚುರುಕೇ ಪ್ರಧಾನ. ಸೊಂಟದ ಕೆಳಗೆ ಹಿಡಿಯಲಾಗದ ಗ್ರೀಕೋ ರೋಮನ್ ಪದ್ಧತಿಯಲ್ಲಿ ನೆರೆಯ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು 2020ರ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ 55 ಕಿಲೋ ವರ್ಗದ ಕಂಚನ್ನು ಗೆದ್ದರು. ಜಾತ್ರೆಯ ಭೀಮಕಾಯರನ್ನೇ ಆದರ್ಶವಾಗಿಟ್ಟುಕೊಂಡ ದೃಷ್ಟಿಗೆ 55 ಕಿಲೋದ ಮಲ್ಲನು ಕಾಣಿಸುವುದೇ ಕಷ್ಟ.

ಹಾಗಾದರೆ ಗರಡಿಯಿಂದ ನಾವು ಕಲಿಯತಕ್ಕುದೇನು? ವಸ್ತಾದರು ಆಯ್ಕೆಗಾರರಿಗಿಂತ ಹೆಚ್ಚು ಬಲ್ಲವರೆಂದಲ್ಲ; ಅವರಿಗೆ ಸಮಯವಿತ್ತು ಎಂಬುದು. ಗರಡಿ ಬಂದವನನ್ನು ತಿರಸ್ಕರಿಸದೆ ಮಣ್ಣಿಗಿಳಿಸಿ, ತೀರ್ಪನ್ನು ವರ್ಷಗಟ್ಟಲೆ ಮುಂದೂಡಬಲ್ಲುದಾದುದರಿಂದ, ಅಲ್ಲಿಯ ತಪ್ಪಿಗೆ ತನ್ನನ್ನು ತಾನೇ ತಿದ್ದಿಕೊಳ್ಳುವ ಅವಕಾಶವಿತ್ತು. ಪೈಲ್ವಾನನಾಗದವನೂ ಗಟ್ಟಿ ಮೈಯ ರೈತನಾಗಿ ಊರಿನಲ್ಲಿ ಉಳಿದನು. ಹಾಸಿಗೆಗಳ ಸಂಖ್ಯೆ ಗೊತ್ತಾಗಿರುವ ವಸತಿನಿಲಯಕ್ಕೆ ಅಷ್ಟು ಔದಾರ್ಯ ಸಾಧ್ಯವಿಲ್ಲ, ನಿಜ. ಆದರೆ ಈ ಸಲ ಬಿಟ್ಟವನನ್ನು ಮುಂದಿನ ವರ್ಷ ಮತ್ತೆ ಕರೆಯುವುದು, ಅಂಕಗಳ ಪಕ್ಕದಲ್ಲಿ ಅವನ ಗರಡಿಯ ಗುರುವಿನ ಅಭಿಪ್ರಾಯವನ್ನೂ ಬರೆದುಕೊಳ್ಳುವುದು, ಎಲುಬಿನ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ವೈದ್ಯಕೀಯ ಪರೀಕ್ಷೆಯನ್ನು ಅನುಮಾನಕ್ಕಾಗಿ ಮಾತ್ರವಲ್ಲದೆ ನ್ಯಾಯಕ್ಕಾಗಿಯೂ ಬಳಸುವುದು, ಇವು ಯಾವುವೂ ಅಸಾಧ್ಯವಲ್ಲ. ಆರಿಸಿದ ಹುಡುಗ ಪದಕ ತಂದರೆ ಆರಿಸಿದವರ ಕಣ್ಣನ್ನು ಲೋಕ ಹೊಗಳುತ್ತದೆ. ಆ ಕಣ್ಣು ಎಷ್ಟು ನ್ಯಾಯವಾದುದೆಂದು ತಿಳಿಯಬೇಕಾದರೆ, ಬಿಟ್ಟವನನ್ನು ಅದು ಎರಡನೆಯ ಸಲ ನೋಡಿತೇ ಎಂದು ಕೇಳಬೇಕು.