ಹಳ್ಳದಂಚಿನ ಅತ್ತಿ

ಫೆಬ್ರುವರಿ ಎರಡನೇ ವಾರ, ಬೆಳಗಿನ ಆರೂವರೆ. ಸಿದ್ದಾಪುರ ಸೀಮೆಯ ಒಂದು ಸಣ್ಣ ಹಳ್ಳ. ಕಾಲುಸಂಕ ದಾಟಿದರೆ ಅಡಿಕೆ ತೋಟದ ಬೇಲಿ. ಬೇಲಿಯಾಚೆ, ಅರ್ಧ ಬೇರು ಮಣ್ಣಿಗೂ ಅರ್ಧ ಬೇರು ನೀರಿಗೂ ಇಳಿಬಿಟ್ಟು ನಿಂತ ಅತ್ತಿ ಮರ. ಮೂರು ವರ್ಷದಿಂದ ಬಿಡುವಾದಾಗಲೆಲ್ಲ ಇದೊಂದೇ ಮರದ ಎದುರು, ಹಳ್ಳದ ಆಚೆ ದಡದ ಬಂಡೆಯ ಮೇಲೆ ಕೂತು ಬರೆದ ಟಿಪ್ಪಣಿ ಎರಡು ನೋಟ್‌ಬುಕ್ ತುಂಬಿದೆ. ಹುಲಿ, ಆನೆ ಅದರಲ್ಲಿಲ್ಲ. ಎರಡು ಮಿಲಿಮೀಟರ್ ಉದ್ದದ ಒಂದು ಕಣಜದ ಸುತ್ತಲೇ ಹೆಚ್ಚಿನ ಪುಟಗಳು ತಿರುಗುತ್ತವೆ.

ಅವತ್ತು ಮರದ ಬೊಡ್ಡೆ ಕಾಣದಷ್ಟು ಕಾಯಿ. ಅತ್ತಿ ಕಾಯಿ ಬಿಡುವುದು ಕೊಂಬೆಯ ತುದಿಯಲ್ಲಲ್ಲ. ಬೊಡ್ಡೆಗೂ ದಪ್ಪ ಕೊಂಬೆಗೂ ಅಂಟಿಕೊಂಡು ಗೊಂಚಲು ಗೊಂಚಲಾಗಿ. ಹಸಿರು ಬಿಟ್ಟು ಕೆಂಪಿಗೆ ತಿರುಗುತ್ತಿದ್ದ ಒಂದನ್ನು ಕಿತ್ತೆ. ತೊಟ್ಟಿನಿಂದ ಹಾಲು ಸುರಿದು ಬೆರಳು ಅಂಟಾಯಿತು. ಎರಡು ಹೆಬ್ಬೆರಳಿನಿಂದ ನಿಧಾನವಾಗಿ ಬಿಡಿಸಿದೆ.

ಒಳಗೆ ಪುಟ್ಟ ಕೋಣೆ. ಗೋಡೆಯ ತುಂಬ ಸಾಸಿವೆಗಿಂತ ಸಣ್ಣ ಗಂಟುಗಳು. ಮೊದಲು ಕಣ್ಣಿಗೆ ಬಿದ್ದದ್ದು ರೆಕ್ಕೆಯೇ ಇಲ್ಲದ, ಹಳದಿ ಕಂದು ಬಣ್ಣದ ಗಂಡು ಕಣಜಗಳು. ಹುಟ್ಟಿದ್ದು ಈ ಕತ್ತಲಲ್ಲಿ, ಹಾರುವ ಯೋಗ ಇವಕ್ಕಿಲ್ಲ. ಒಂದೊಂದೇ ಗಂಟು ಹುಡುಕಿ, ಕಚ್ಚಿ ತೂತು ಮಾಡಿ, ಒಳಗಿರುವ ಹೆಣ್ಣು ಹೊರಬರುವ ಮೊದಲೇ ಅದರೊಡನೆ ಕೂಡುತ್ತವೆ. ಆಮೇಲೆ ಇನ್ನೊಂದು ಕೆಲಸ. ಹಲವು ಗಂಡುಗಳು ಒಟ್ಟಾಗಿ ಕಾಯಿಯ ಗೋಡೆಯನ್ನು ಕಡಿದು ಹೊರಕ್ಕೆ ಸುರಂಗ ಕೊರೆಯುತ್ತವೆ. ಕೊರೆದು ಮುಗಿದರೆ ಅವುಗಳ ಬದುಕೂ ಮುಗಿಯಿತು. ಎಷ್ಟೋ ಗಂಡುಗಳು ಅದೇ ತೂತಿನಿಂದ ಕೆಳಗುರುಳುತ್ತವೆ. ಬೊಡ್ಡೆಯ ಮೇಲೆ ಸಾಲುಗಟ್ಟಿದ ಚಗಳಿ ಇರುವೆಗಳಿಗೆ ಅದೇ ಬೆಳಗಿನ ತಿಂಡಿ.

ನನ್ನ ಅಂಗೈಯಲ್ಲಿದ್ದ ಹೋಳಿನಲ್ಲಿ ಹೆಣ್ಣುಗಳೂ ಏಳತೊಡಗಿದ್ದವು. ಕಪ್ಪು ಮಿನುಗಿನ ಮೈ, ಒದ್ದೆ ರೆಕ್ಕೆ. ಅಲ್ಲೇ ಅರಳಿದ್ದ ಗಂಡು ಹೂಗಳ ಮೇಲೆ ಹತ್ತಿ, ಮುಂಗಾಲಿನಿಂದ ಪರಾಗ ಕೆದಕಿ ಎದೆಯ ಕೆಳಗಿನ ಜೇಬಿನಂಥ ತಾಣಕ್ಕೆ ತುಂಬಿಕೊಳ್ಳುವುದನ್ನು ಲೆನ್ಸಿನಲ್ಲಿ ನೋಡಿದೆ. ಮೈಗೆ ತಾನಾಗಿ ಅಂಟಿದ ಧೂಳಲ್ಲ ಅದು, ಬೇಕೆಂದೇ ತುಂಬಿಕೊಂಡ ಬುತ್ತಿ. ಆ ಬುತ್ತಿ ಅದು ಉಣ್ಣುವುದಕ್ಕಲ್ಲ, ಇನ್ನೊಂದು ಮರದ ಹೂವಿಗೆ. ಐದು ನಿಮಿಷದಲ್ಲಿ ಅಂಗೈ ಖಾಲಿಯಾಯಿತು.

ಇದನ್ನು ಅರ್ಥ ಮಾಡಿಕೊಳ್ಳಲು ಜನವರಿ ಮೊದಲ ವಾರದ ಪುಟಕ್ಕೆ ಹೋಗಬೇಕು. ಆಗ ಕಾಯಿಗಳು ಇನ್ನೂ ಗೋಲಿಯಷ್ಟಿದ್ದವು. ಅತ್ತಿಯ ಹೂ ಕಂಡವರಿಲ್ಲ ಎನ್ನುತ್ತಾರೆ. ಕಾಣುವುದು ಹೇಗೆ? ನಾವು ಕಾಯಿ ಎನ್ನುವುದೇ ಹೂಗೊಂಚಲು. ಒಳಮುಖವಾಗಿ ಮಡಚಿಕೊಂಡು, ಸಾವಿರಾರು ಹೂಗಳನ್ನು ಗೋಡೆಯೊಳಗೆ ಬಚ್ಚಿಟ್ಟುಕೊಂಡ ಚೀಲ. ಅದಕ್ಕಿರುವುದು ತಲೆಯ ಭಾಗದಲ್ಲಿ ಒಂದೇ ಬಾಗಿಲು, ಅದಕ್ಕೂ ಒಂದರ ಮೇಲೊಂದು ಹೊದ್ದ ಎಸಳುಗಳ ಬೀಗ. ಹೆಣ್ಣು ಹೂಗಳು ಸಿದ್ಧವಾದ ದಿನ ಕಾಯಿ ತನ್ನದೇ ಗಂಧ ಹೊರಡಿಸುತ್ತದೆ. ನಮ್ಮ ಮೂಗಿಗೆ ಅದು ಹತ್ತುವುದಿಲ್ಲ, ಎಲ್ಲೋ ದೂರದಲ್ಲಿ ಗಾಳಿಯಲ್ಲಿ ತೇಲುತ್ತಿರುವ ಹೆಣ್ಣು ಕಣಜಕ್ಕೆ ಹತ್ತುತ್ತದೆ. ಬಂದದ್ದೇ ಬಾಗಿಲಿಗೆ ತಲೆಯೊಡ್ಡಿ ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಕಿತ್ತು ಹೊರಗೇ ಉಳಿಯುತ್ತದೆ, ಮೀಸೆಯ ತುದಿ ಮುರಿಯುತ್ತದೆ. ಜನವರಿ 6ರ ಬೆಳಿಗ್ಗೆ ಹನ್ನೊಂದು ಕಾಯಿಗಳನ್ನು ನೋಡಿದೆ. ಎಂಟರ ಬಾಗಿಲಲ್ಲಿ ಗಾಜಿನ ಚೂರಿನಂಥ ರೆಕ್ಕೆಗಳು ಸಿಕ್ಕಿಕೊಂಡಿದ್ದವು.

ಒಳ ಹೊಕ್ಕ ಮೇಲೆ ಆ ತಾಯಿಗೆ ಹೊರದಾರಿಯಿಲ್ಲ. ಜೇಬಿನ ಪರಾಗವನ್ನು ಹೂಗಳಿಗೆ ಸವರುತ್ತದೆ, ಸೂಜಿಯಂಥ ಅಂಗವನ್ನು ಹೂವಿನ ಶಲಾಕೆಯೊಳಗೆ ಇಳಿಸಿ ಮೊಟ್ಟೆಯಿಡುತ್ತದೆ. ಶಲಾಕೆ ಗಿಡ್ಡವಿರುವ ಹೂಗಳಿಗೆ ಸೂಜಿ ನಿಲುಕುತ್ತದೆ, ಅವು ಮರಿಗಳ ತೊಟ್ಟಿಲಾಗುತ್ತವೆ. ಉದ್ದ ಶಲಾಕೆಯ ಹೂಗಳು ಹೆಚ್ಚಿನಂಶ ತಪ್ಪಿಸಿಕೊಂಡು ಬೀಜ ಕಟ್ಟುತ್ತವೆ. ತಾಯಿ ಅಲ್ಲೇ ಸಾಯುತ್ತದೆ. ಮರ ಒಂದಿಷ್ಟು ಬೀಜವನ್ನು ಕಣಜಕ್ಕೆ ಬಿಟ್ಟುಕೊಟ್ಟು ಉಳಿದ ಬೀಜ ಗಳಿಸುತ್ತದೆ. ಕಣಜದ ಮಕ್ಕಳು ಬೆಳೆಯದಿದ್ದರೆ ಮರದ ಪರಾಗ ಹೊರುವವರೇ ಇಲ್ಲ. ಯಾವ ಕಾಯಿಗೆ ಕಣಜ ಬರಲಿಲ್ಲವೋ ಅದು ಹಣ್ಣಾಗುವುದಿಲ್ಲ, ಹಸಿರಾಗಿದ್ದಾಗಲೇ ಉದುರುತ್ತದೆ.

ಅತ್ತಿಹಣ್ಣು ಬಿಡಿಸಿದರೆ ಹುಳ ಎಂಬುದು ನಮ್ಮಲ್ಲಿ ಹೊರಗೆ ಥಳುಕು, ಒಳಗೆ ಹುಳುಕು ಇರುವವರ ಬಗ್ಗೆ ಆಡುವ ಮಾತು. ಆ ಮಾತಿನಲ್ಲಿ ಅತ್ತಿಗೆ ಅನ್ಯಾಯವಾಗಿದೆ ಎಂದು ನನಗೆ ಅನ್ನಿಸುತ್ತದೆ. ತೋಟದ ಕೆಲಸಕ್ಕೆ ಬರುವ ಹಿರಿಯಮ್ಮ ಒಬ್ಬರು ಬುಟ್ಟಿಯಲ್ಲಿ ಉದುರು ಹಣ್ಣು ಆರಿಸುತ್ತಿದ್ದರು, ಎಮ್ಮೆಗೆ ಹಾಕಲು. ನಾನು ಬಿಡಿಸಿ ನೋಡುತ್ತಿದ್ದುದನ್ನು ಕಂಡು, “ಎಂತ ನೋಡ್ತೀಯೋ ತಮಾ? ಹುಳ ಇಲ್ದೆ ಅತ್ತಿ ಹಣ್ಣಾಗೂದಿಲ್ಲ” ಎಂದರು. ಆರು ವಾರ ಕಾದು ನಾನು ಬರೆದುಕೊಂಡದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿ ಮುಗಿಸಿದರು.

ಒಳಗೆ ಮರವೂ ಕಣಜವೂ ಇಷ್ಟೇ ಆದರೆ ಲೆಕ್ಕ ಸುಲಭವಿತ್ತು. ಜನವರಿ ಕೊನೆಯ ಬೆಳಗುಗಳಲ್ಲಿ ಕಾಯಿಯ ಹೊರಮೈ ಮೇಲೆ ಬೇರೆಯೇ ಕಣಜಗಳು ಓಡಾಡುತ್ತಿದ್ದವು. ಮೈಗಿಂತ ಉದ್ದದ ಬಾಲ, ಕೂದಲಿಗಿಂತ ಸಪೂರ. ಅದು ಬಾಲವಲ್ಲ, ಮೊಟ್ಟೆಯಿಡುವ ಸೂಜಿ. ಕಾಯಿಯ ಮೇಲೆ ಮೀಸೆ ಬಡಿಯುತ್ತ ಜಾಗ ಹುಡುಕಿ, ಮೈಯನ್ನು ಕಮಾನಿನಂತೆ ಬಾಗಿಸಿ, ಗಟ್ಟಿ ಗೋಡೆಗೆ ಸೂಜಿ ನಾಟಿ, ಒಳಗಿರುವ ಬೇರೆ ಕಣಜದ ಮರಿಯ ಗಂಟಿಗೆ ಮೊಟ್ಟೆ ಇಳಿಸುತ್ತದೆ. ಇದು ಪರಾಗ ತರುವುದಿಲ್ಲ, ತನ್ನ ಮರಿಗೆ ಊಟ ಮಾತ್ರ ಹುಡುಕುತ್ತದೆ. ಅಷ್ಟು ಸಪೂರ ಸೂಜಿ ಬಾಗದೆ, ಮುರಿಯದೆ ಒಳಗೆ ಹೋಗುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಸೂಜಿಯ ತುದಿಯಲ್ಲಿ ಗರಗಸದಂಥ ಹಲ್ಲುಗಳಿವೆ, ಆ ಹಲ್ಲುಗಳು ಸತುವಿನಿಂದ ಗಟ್ಟಿಯಾಗಿವೆ. ಅದೇ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು ಅತ್ತಿಯ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಕಾಯಿಯ ಗಂಧ ಹಗಲಿಗೊಂದು ಇರುಳಿಗೊಂದು ಬಗೆ ಬದಲಾಗುವುದು, ಆ ಗಂಧದ ಜಾಡು ಹಿಡಿದು ಇರುವೆಗಳೂ ಬೇಟೆಗೆ ಬರುವುದು, ಕಣಜದ ಮೈಯೊಳಗೆ ಕೂತು ಕಣ್ಣಿಗೆ ಕಾಣದ ಜಂತುಹುಳಗಳು ಮರದಿಂದ ಮರಕ್ಕೆ ಸವಾರಿ ಮಾಡುವುದು, ಇವೆಲ್ಲ ಅವರ ಕೆಲಸದಿಂದ ತಿಳಿದವು. ಅದನ್ನು ಓದಿದ ಮೇಲೆ ಬೊಡ್ಡೆಯ ಚಗಳಿ ಸಾಲನ್ನು ನಾನು ನೋಡುವ ರೀತಿಯೇ ಬದಲಾಯಿತು. ಚಗಳಿಗಳು ಸೂಜಿಯ ಕಣಜವನ್ನು ಹೆದರಿಸಿ ಓಡಿಸುವುದೂ ಉಂಟು, ಪರಾಗ ಹೊತ್ತು ಬಂದದ್ದನ್ನೇ ಬಾಗಿಲಲ್ಲಿ ಹಿಡಿಯುವುದೂ ಉಂಟು. ಮರಕ್ಕೆ ಇವು ಮಿತ್ರರೋ ಶತ್ರುಗಳೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹೊಂದುವುದಿಲ್ಲ.

ಕಣಜಗಳು ಹಾರಿಹೋದ ಮೇಲೆ ಮರದ ಎರಡನೇ ಸಂತೆ ನೆರೆಯುತ್ತದೆ. ಎರಡು ಮೂರು ದಿನದಲ್ಲಿ ಕಾಯಿ ಕೆಂಪೇರಿ, ಮೆತ್ತಗಾಗಿ, ಸಿಹಿಯಾಗುತ್ತದೆ. ಫೆಬ್ರುವರಿ 17ರ ಪುಟದಲ್ಲಿ, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಬಂದವರು: ಕುಟ್ರುಹಕ್ಕಿ, ಪಿಕಳಾರ, ಕೋಗಿಲೆ ಜೋಡಿ, ಹಸಿರು ಪಾರಿವಾಳಗಳ ಹಿಂಡು, ಒಂದು ಕೆಂದಳಿಲು. ಬುಡದಲ್ಲಿ ಕಾಡುಕುರಿಯ ಹೆಜ್ಜೆ. ನೀರಿಗೆ ಬಿದ್ದ ಹಣ್ಣಿಗೆ ಮೀನುಗಳು ಮುತ್ತಿ ಮಡುವಿನಲ್ಲಿ ಗುಳುಗುಳು. ಸಂಜೆಯ ನಂತರ ಬಾವಲಿಗಳ ಸರದಿ. ಅವು ಮರದಲ್ಲಿ ಕೂತು ತಿನ್ನುವುದು ಕಡಿಮೆ; ಹಣ್ಣು ಕಚ್ಚಿಕೊಂಡು ತೋಟದ ಯಾವುದೋ ಸೋಗೆಯಡಿಗೆ ಹೋಗಿ, ರಸ ಹೀರಿ, ನಾರಿನ ಉಂಡೆ ಉಗುಳುತ್ತವೆ. ಬಂದವರೆಲ್ಲ ಬೀಜ ಬಿತ್ತುವವರಲ್ಲ. ಹಸಿರು ಪಾರಿವಾಳದ ಹೊಟ್ಟೆಯೊಳಗಿನ ಕಲ್ಲು ಬೀಜವನ್ನು ಅರೆದುಹಾಕುತ್ತದೆ. ಬೀಜವನ್ನು ಉಳಿಸಿ ದೂರ ಒಯ್ಯುವುದು ಬಾವಲಿ, ಕುಟ್ರು, ಪಿಕಳಾರ, ಮಂಗಟ್ಟೆಗಳು.

ಮಂಗಟ್ಟೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಳ್ಳದ ಆಚೆ ದಿಬ್ಬದ ಮೇಲೆ ಹಳೆಯ ಮತ್ತಿ ಮರ, ಅದರ ಪೊಟರೆಯಲ್ಲಿ ಮಲೆ ಮಂಗಟ್ಟೆಯ ಗೂಡು. ಹೆಣ್ಣು ಒಳಗೆ ಹೊಕ್ಕು, ಕೊಕ್ಕು ಹಿಡಿಸುವಷ್ಟು ಸಂದಿ ಬಿಟ್ಟು ಬಾಗಿಲು ಮೆತ್ತಿಕೊಂಡಿದೆ. ಅಲ್ಲಿಂದ ವಾರಗಟ್ಟಲೆ ಅದರ ಹೊಟ್ಟೆ, ಆಮೇಲೆ ಮರಿಗಳ ಹೊಟ್ಟೆ, ಎಲ್ಲ ಗಂಡಿನ ಮೇಲೆ. ಮಾರ್ಚ್ 9ರಂದು ಗಂಡು ಅತ್ತಿಯಿಂದ ಹೊರಟು ಪೊಟರೆಯ ಬಾಯಿಗೆ ಉಗುರೂರಿ ಕೂತಿತು. ಗಂಟಲಿನಿಂದ ಒಂದೊಂದೇ ಹಣ್ಣನ್ನು ಮೇಲೆ ತಂದು, ಕೊಕ್ಕಿನ ತುದಿಗೆ ಹಿಡಿದು, ಸಂದಿಯೊಳಗೆ ದಾಟಿಸಿತು. ಎಣಿಸಿದೆ: ಹದಿನಾಲ್ಕು. ಕೊನೆಯದು ಜಾರಿ ಕೆಳಗೆ ಬಿತ್ತು. ಗಂಡು ಅದರತ್ತ ನೋಡಲೂ ಇಲ್ಲ, ಮತ್ತೆ ಅತ್ತಿಯತ್ತ ಹಾರಿತು. ಆ ಹೊತ್ತಿಗೆ ನಮ್ಮ ಅತ್ತಿ ಬರಿದಾಗುತ್ತ ಬಂದಿತ್ತು. ನಾಲ್ಕು ದಿನ ಕಳೆದ ಮೇಲೆ ಗಂಡು ಹಳ್ಳದ ಮೇಲ್ಭಾಗಕ್ಕೆ ಹಾರತೊಡಗಿತು. ಹಿಂಬಾಲಿಸಿ ಹೋದೆ. ಅರ್ಧ ಮೈಲಿಯಾಚೆ ಇನ್ನೊಂದು ಅತ್ತಿ, ಅದು ಆಗಷ್ಟೇ ಕೆಂಪಾಗಿತ್ತು.

ಈ ಬರಹದ ತಿರುಳು ಇರುವುದು ಆ ಅರ್ಧ ಮೈಲಿಯಲ್ಲಿ. ಒಂದು ಅತ್ತಿ ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೂವಾಗಿ ಒಟ್ಟಿಗೇ ಹಣ್ಣಾಗುತ್ತವೆ. ಆದರೆ ಪಕ್ಕದ ಮರದ ಪಂಚಾಂಗ ಬೇರೆ, ಅದರಾಚೆಯ ಮರದ್ದು ಇನ್ನೂ ಬೇರೆ. ಹೊರಗೆ ಹಾರಿದ ಹೆಣ್ಣು ಕಣಜದ ಆಯುಸ್ಸು ಒಂದೋ ಎರಡೋ ದಿನ. ಅಷ್ಟರೊಳಗೆ ಹೂ ಸಿದ್ಧವಿರುವ ಇನ್ನೊಂದು ಅತ್ತಿ ಸಿಗಲೇಬೇಕು. ಸ್ವಂತ ರೆಕ್ಕೆಯ ಬಲ ಅದಕ್ಕೆ ಕಡಿಮೆ, ಗಾಳಿಯೇ ವಾಹನ. ನಮ್ಮ ಅತ್ತಿಯ ಹತ್ತಿರದ ಸಂಬಂಧಿಯೊಂದು ಆಫ್ರಿಕದ ನಮೀಬಿಯದಲ್ಲಿ ಮರುಭೂಮಿಯ ನದಿಯಂಚಿನಲ್ಲಿದೆ. ಅಲ್ಲಿ ಕಣಜಗಳು ಗಾಳಿಯ ಜೊತೆ 160 ಕಿಲೋಮೀಟರ್ ದೂರದ ಮರಕ್ಕೆ ಪರಾಗ ಮುಟ್ಟಿಸಿದ್ದನ್ನು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಗಾಳಿ ಎಷ್ಟೇ ದೂರ ಒಯ್ದರೂ, ಇಳಿಯುವಲ್ಲಿ ಮರ ಬೇಕಲ್ಲ! ಸೀಮೆಯ ಎಲ್ಲ ಹಳ್ಳಗಳ ಅತ್ತಿಗಳೂ ಸೇರಿ ವರ್ಷದ ಹನ್ನೆರಡು ತಿಂಗಳನ್ನು ಹಂಚಿಕೊಂಡಿವೆ. ಹಂಚಿಕೊಂಡದ್ದರಿಂದಲೇ ಕಣಜ ಬದುಕಿದೆ, ಬೇರೆ ಹಣ್ಣುಗಳು ಮುಗಿದ ದಿನಗಳಲ್ಲೂ ಮಂಗಟ್ಟೆಗೆ ಗುಟುಕು ಸಿಗುತ್ತಿದೆ. ಜಗತ್ತಿನಲ್ಲಿ ಅತ್ತಿ, ಆಲ, ಅರಳಿ, ಬಸರಿಗಳ ಕುಲದಲ್ಲಿ 750ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳ ಹಣ್ಣು ತಿನ್ನುವ ಹಕ್ಕಿ, ಪ್ರಾಣಿಗಳು 1,200ಕ್ಕೂ ಮಿಗಿಲು ಜಾತಿಯವು ಎಂದು 2001ರಲ್ಲಿ ಬಂದ ಸಮೀಕ್ಷೆಯೊಂದು ಪಟ್ಟಿ ಮಾಡಿತ್ತು.

ಇನ್ನು ಬಿಸಿಲಿನ ಮಾತು. ಸಿಂಗಪುರದಲ್ಲಿ ಇದೇ ಕುಲದ ಮರಗಳ ಕಣಜಗಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈಗಿನ ತಾಪಕ್ಕಿಂತ ಮೂರು ಡಿಗ್ರಿಯಷ್ಟು ಹೆಚ್ಚಾದರೆ ಅವುಗಳ ಆಯುಸ್ಸು ಕೆಲವೇ ಗಂಟೆಗಳಿಗೆ ಕುಗ್ಗುತ್ತದೆ ಎಂದು ಕಂಡುಬಂತು. ಗಂಟೆಗಳ ಬದುಕಿನಲ್ಲಿ ಎಷ್ಟು ದೂರ ಹೋಗಲಾದೀತು? ಬಿಸಿಲು ಏರಿದಷ್ಟೂ ಮರಗಳು ಹತ್ತಿರ ಹತ್ತಿರ ಇರಬೇಕಾಗುತ್ತದೆ.

ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು. ಹಿಂದಿನ ವರ್ಷ ಹಳ್ಳದ ಕೆಳಗಿನ ತಿರುವಿನಲ್ಲಿದ್ದ ಅತ್ತಿಯನ್ನು ಪಂಪ್‌ಸೆಟ್ಟಿನ ವಿದ್ಯುತ್ ತಂತಿಗೆ ಅಡ್ಡ ಎಂದು ಕಡಿದರು. ಅತ್ತಿಯ ಮರ ಗಟ್ಟಿಯಲ್ಲ, ನಾಟಾಕ್ಕೆ ಬಾರದು. ಹಾಗಾಗಿ ಕಡಿದವರಿಗೆ ಕಳೆದುಕೊಂಡೆವು ಎಂಬ ಭಾವನೆಯೂ ಇರಲಿಲ್ಲ. ಆಮೇಲಿನ ಮೇ ತಿಂಗಳಲ್ಲಿ ನಮ್ಮ ಮರ ಕಾಯಿ ಬಿಟ್ಟಾಗ ಬುಡದ ತುಂಬ ಹಸಿರು ಕಾಯಿ ಉದುರಿತ್ತು. ಐವತ್ತನ್ನು ಬಿಡಿಸಿದೆ. ನಲವತ್ತೊಂದರಲ್ಲಿ ಸತ್ತ ತಾಯಿ ಕಣಜ ಇರಲಿಲ್ಲ. ಒಂದು ಬೆಳೆಯ ಲೆಕ್ಕದಿಂದ ತೀರ್ಪು ಕೊಡುವುದು ಸರಿಯಲ್ಲ ಎಂದು ನನಗೆ ಗೊತ್ತಿದೆ. ಆದರೂ ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿಟ್ಟಿದ್ದೇನೆ.

ಹಿಂದಿನವರು ಅತ್ತಿಗೆ ಕೊಡಲಿ ಹಾಕುತ್ತಿರಲಿಲ್ಲ. ದತ್ತಾತ್ರೇಯನ ಮರ ಎಂಬ ಭಕ್ತಿ ಒಂದು. ಗಾಣಗಾಪುರದ ಸಂಗಮದಲ್ಲಿ ಔದುಂಬರಕ್ಕೆ ಜನ ಇಂದಿಗೂ ಸುತ್ತು ಬರುತ್ತಾರೆ. ಇನ್ನೊಂದು, ಅತ್ತಿ ಇದ್ದಲ್ಲಿ ನೀರಿದೆ ಎಂಬ ಅನುಭವ. ಅಂತರ್ಜಲದ ಗುರುತು ಹೇಳುವ ಮರಗಳಲ್ಲಿ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಇದನ್ನೂ ಹೆಸರಿಸಿದ್ದಾನೆ. ಬಾವಿ ತೋಡಲು ಜಾಗ ನೋಡುವವರು ನಮ್ಮಲ್ಲಿ ಈಗಲೂ ಅತ್ತಿಯತ್ತ ಕಣ್ಣು ಹಾಯಿಸುತ್ತಾರೆ. ಆಲ, ಅರಳಿಗಳಂತೆ ಬೇರೆ ಮರದ ಮೇಲೋ ಗೋಡೆಯ ಬಿರುಕಿನಲ್ಲೋ ಅತ್ತಿ ಹುಟ್ಟುವುದು ಅಪರೂಪ. ಅದಕ್ಕೆ ಬೇಕಾದದ್ದು ತೇವ ಮಣ್ಣು, ನೀರಿನ ಅಂಚು. ಆ ಅಂಚುಗಳಿಗೇ ಇವತ್ತು ಕಾಂಕ್ರೀಟು ಗೋಡೆ ಏಳುತ್ತಿದೆ.

ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ, ಎಲ್ಲೇ ತೋಟ, ಗದ್ದೆ, ಕೆರೆ ದಂಡೆ ಇರುವವರಲ್ಲಿ ನನ್ನದೊಂದು ವಿನಂತಿ. ನಿಮ್ಮ ನೀರಿನಂಚಿನಲ್ಲಿ ಅತ್ತಿ ಇದ್ದರೆ ಬಿಟ್ಟುಬಿಡಿ, ತಂತಿಗೆ ತಾಗಿದರೆ ಆ ಕೊಂಬೆಯನ್ನಷ್ಟೇ ಸವರಿ. ಇಲ್ಲದಿದ್ದರೆ ಈ ಮಳೆಗಾಲದಲ್ಲಿ ಒಂದು ಸಸಿ ನೆಡಿ. ಹತ್ತಿರದ ಮರ ಕಾಯಿ ಬಿಟ್ಟಾಗ, ಇನ್ನೇನು ಕೆಂಪಾಗುತ್ತದೆ ಎನ್ನುವಂಥದ್ದೊಂದನ್ನು ಬೆಳಿಗ್ಗೆ ಕಿತ್ತು, ಮನೆಯ ಮಕ್ಕಳ ಅಂಗೈ ಮೇಲಿಟ್ಟು ಬಿಡಿಸಿ ತೋರಿಸಿ. ಕಣಜ ಹಾರಿಹೋಗುವವರೆಗೆ ಅಂಗೈ ಅಲುಗಿಸಬೇಡಿ ಎಂದು ಅವರಿಗೆ ಹೇಳಿ.